ಸಿಟ್ಟಿನ ಗುಳಿಗೆ

ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಹೆಂಗಸು ತನಗೆ ಸೆಕೆಯಾಗುತ್ತಿದೆ ಎಂದು ಹೇಳಿಕೊಂಡರೆ ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಲ್ಲಿ ಕಲ್ಲಿಗೂ ಸೆಕೆ, ನಾಯಿಗೂ ಸೆಕೆ, ತಹಶೀಲ್ದಾರರಿಗೂ ಸೆಕೆ, ನಿನ್ನದೇನು ಹೆಚ್ಚಿಗೆ ಎನ್ನುತ್ತಾರೆ. ನನ್ನದು ಹೆಚ್ಚಿಗೆಯೇ ಇತ್ತು. ಚಳಿಗಾಲದ ಬೆಳಗಿನಲ್ಲಿ ಮನೆಯವರೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹಾ ಕುಡಿಯುತ್ತಿರುವಾಗ ನನಗೆ ಎದೆಯ ಗೂಡಿನಿಂದ ಒಂದು ಉರಿ ಏಳುತ್ತಿತ್ತು. ಕುತ್ತಿಗೆಗೆ ಬಂದು, ಕಿವಿಗೆ ಬಂದು, ನೆತ್ತಿಯವರೆಗೆ ಏರಿ, ಆಮೇಲೆ ಬೆವರಾಗಿ ಇಳಿಯುತ್ತಿತ್ತು. ನಾನು ಎದ್ದು ಫ್ಯಾನ್ ಹಾಕಿದರೆ ಅತ್ತೆ ಕಂಬಳಿ ಎಳೆದುಕೊಂಡು ಗೊಣಗುತ್ತಿದ್ದರು.

"ನಮಗೂ ಮುಟ್ಟು ನಿಂತೈತವ್ವಾ. ನಾವೇನು ಹಿಂಗ ಕುಣಿದಾಡಿದ್ವೇನು?"

ಕುಣಿದಾಡುವುದಂತೆ. ರಾತ್ರಿ ನಿದ್ದೆಯಿಲ್ಲ, ಬೆಳಗಾದರೆ ಕೀಲುಕೀಲು ನೋವು, ಪಾತ್ರೆ ಸದ್ದಾದರೂ ಅಳು. ಅದಕ್ಕೆ ಕುಣಿತ ಎಂದು ಹೆಸರು.

ನನ್ನ ಗಂಡನಿಗೆ ಸಿರುಗುಪ್ಪದ ಬಜಾರಿನಲ್ಲಿ ಔಷಧದ ಅಂಗಡಿ ಇದೆ. ಮೂವತ್ತು ವರ್ಷದ ಅಂಗಡಿ. ಹಳ್ಳಿಯವರು ಅವರನ್ನು ಡಾಕ್ಟ್ರೇ ಎಂದೇ ಕರೆಯುತ್ತಾರೆ. ಅವರೂ ಬೇಡ ಎನ್ನುವುದಿಲ್ಲ. ಜ್ವರ, ಕೆಮ್ಮು, ಭೇದಿ ಎಂದು ಬಂದವರಿಗೆ ಚೀಟಿ ಕೇಳುವ ಪದ್ಧತಿ ನಮ್ಮ ಅಂಗಡಿಯಲ್ಲಿಲ್ಲ. ಬಂದವರು ತಮ್ಮ ಕಷ್ಟ ಹೇಳುತ್ತಾರೆ, ಇವರು ಕತ್ತರಿ ತೆಗೆದು ಗುಳಿಗೆಯ ಪಟ್ಟಿಯಿಂದ ಬೇಕಾದಷ್ಟು ಕತ್ತರಿಸಿ, ಕಾಗದದ ಕವರಿಗೆ ಹಾಕಿ, ಮೇಲೆ ಪೆನ್ನಿನಿಂದ ಬೆಳಿಗ್ಗೆಗೊಂದು ರಾತ್ರಿಗೊಂದು ಗೆರೆ ಎಳೆದುಕೊಡುತ್ತಾರೆ. ಹಾಗೆ ಕತ್ತರಿಸಿದಾಗ ಗುಳಿಗೆಯ ಹೆಸರು ಅತ್ತ ಅರ್ಧ, ಇತ್ತ ಅರ್ಧ. ತಾನು ಏನು ನುಂಗುತ್ತಿದ್ದೇನೆ ಎಂದು ತಿಳಿದು ನುಂಗಿದವರು ನಮ್ಮ ಸೀಮೆಯಲ್ಲಿ ಕಡಿಮೆ. ನಾನೂ ಅದೇ ಸಾಲಿನವಳಾಗುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಸೆಕೆಗಿಂತ ದೊಡ್ಡದೊಂದು ನನ್ನನ್ನು ಕಾಡುತ್ತಿತ್ತು. ನನ್ನ ತವರು ಕುರುಗೋಡು. ಅಲ್ಲಿ ನಮ್ಮವ್ವ ಎದೆಯ ಗಡ್ಡೆಯಿಂದ ಸತ್ತಳು. ಅವಳ ಅಕ್ಕ, ರೂಪನಗುಡಿಗೆ ಕೊಟ್ಟಿದ್ದ ನಮ್ಮ ದೊಡ್ಡವ್ವ, ಅದಕ್ಕೂ ಮೊದಲೇ ಅದರಿಂದಲೇ ಹೋಗಿದ್ದಳು. ಅವ್ವ ಗಡ್ಡೆಯನ್ನು ಕುಪ್ಪಸದೊಳಗೆ ಮುಚ್ಚಿಟ್ಟುಕೊಂಡು ಅರಿಶಿನ ಅರೆದು ಹಚ್ಚುತ್ತಿದ್ದಳು. ವಾಸನೆ ಬಂದಾಗ ನಮಗೆ ತಿಳಿಯಿತು. ಆಗ ನನಗೆ ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಅವ್ವನ ಗಾಯ ಒರೆಸಲು ಹತ್ತಿ, ಬ್ಯಾಂಡೇಜು, ಮುಲಾಮು ಎಲ್ಲ ನಮ್ಮ ಅಂಗಡಿಯಿಂದಲೇ ಹೋಗುತ್ತಿತ್ತು. ನನ್ನ ಗಂಡ ಬೈಕಿನ ಮೇಲೆ ಕುರುಗೋಡಿಗೆ ತಾವೇ ಒಯ್ದು ಕೊಡುತ್ತಿದ್ದರು. ಒಳ್ಳೆಯ ಅಳಿಯ ಎಂದು ಊರೆಲ್ಲ ಹೊಗಳಿತ್ತು. ನಾನೂ ಹೊಗಳಿದ್ದೆ. ಆ ಹೊಗಳಿಕೆಯನ್ನು ಈಗ ವಾಪಸು ಪಡೆಯಬೇಕಾಗಿದೆ.

ಅವ್ವ ತೀರಿಕೊಂಡ ವಯಸ್ಸು ನನಗೆ ಹತ್ತಿರವಾಗುತ್ತಿದ್ದಂತೆ ನನ್ನ ಅಂಜಿಕೆ ಹೆಚ್ಚಾಯಿತು. ಸ್ನಾನಕ್ಕೆ ಹೋದರೆ ಕೈ ತಾನಾಗಿ ಎದೆಯ ಮೇಲೆ ಓಡಾಡುತ್ತಿತ್ತು. ತಂಗಿ ಅಂಜನಾ ಕುರುಗೋಡಿನಲ್ಲೇ ಶಾಲೆಯ ಟೀಚರು. ಅವಳು ವರ್ಷಕ್ಕೊಮ್ಮೆ ಬಳ್ಳಾರಿಗೆ ಹೋಗಿ ತಪಾಸಣೆ ಮಾಡಿಸಿಕೊಂಡು ಬರುತ್ತಾಳೆ. ನನಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದ್ದಳು. ನಾನು ಗಂಡನಿಗೆ ಹೇಳಿದೆ.

"ಒಮ್ಮೆ ಬಳ್ಳಾರಿಗೆ ಹೋಗಿ ಎದಿ ತೋರಿಸ್ಕೊಂಡು ಬರೋಣ್ರಿ. ಲೇಡಿ ಡಾಕ್ಟ್ರು ಅದಾರಂತ."

"ಹಬ್ಬ ಆಗ್ಲಿ," ಎಂದರು.

ಹಬ್ಬ ಆಯಿತು. ಭತ್ತದ ಕಟಾವಿನ ಸೀಜನ್, ಅಂಗಡಿಯಲ್ಲಿ ರಶ್ ಎಂದರು. ಕಟಾವೂ ಮುಗಿಯಿತು. ಕಂಪನಿಯವರು ಸ್ಟಾಕ್ ನೋಡಲು ಬರುತ್ತಾರೆ ಎಂದರು. ನಾನೊಬ್ಬಳೇ ಬಸ್ ಹತ್ತಿ ಹೋಗುತ್ತೇನೆ ಎಂದಾಗ ಅವರ ಮುಖ ಕೆಂಪಾಯಿತು.

"ಊರಿಗೆಲ್ಲ ಔಷಧ ಕೊಡೋನ ಹೆಂಡ್ತಿ ಇನ್ನೊಬ್ಬರ ದವಾಖಾನಿ ಮುಂದ ಪಾಳಿ ಹಚ್ಚಿ ಕುಂತ್ರ ನನ್ನ ಮರ್ಯಾದಿ ಏನಾಗ್ಬೇಕು? ಏನಾಗೈತಿ ನಿನಗ? ಸೆಕಿ ತಲಿಗೇರೈತಿ, ಅಷ್ಟ."

ನನ್ನ ಎದೆಯ ಮೇಲೂ ಅವರ ಮರ್ಯಾದೆಯೇ ಕೂತಿತ್ತು. ನಾನು ಕೂಗಾಡಿದೆ. ಹೌದು, ಕೂಗಾಡಿದೆ, ಸುಳ್ಳು ಯಾಕೆ ಹೇಳಲಿ. ಬೀಗರು ಊಟಕ್ಕೆ ಕೂತಿದ್ದಾಗ ಸಾರಿನ ಸೌಟನ್ನು ನೆಲಕ್ಕೆ ಎಸೆದು, ನಮ್ಮವ್ವ ಕೊಳೆತು ಸತ್ತಳು, ನಾನೂ ಹಾಗೇ ಸಾಯಲೇನು ಎಂದು ಕೇಳಿದೆ. ಬೀಗರು ಅನ್ನದಲ್ಲಿ ಕೈಯಿಟ್ಟುಕೊಂಡು ತಲೆ ತಗ್ಗಿಸಿದರು. ಅತ್ತೆ ಮೂರು ದಿನ ಮಾತು ಬಿಟ್ಟರು. ನನ್ನ ಗಂಡ ಮಾತ್ರ ಒಂದೂ ಮಾತನಾಡಲಿಲ್ಲ. ಅವರು ಸುಮ್ಮನಾದರೆ ಏನೋ ಲೆಕ್ಕ ಹಾಕುತ್ತಿದ್ದಾರೆ ಎಂದರ್ಥ.

ಯುಗಾದಿ ಮುಗಿದ ವಾರದಲ್ಲಿ ಅವರು ಅಂಗಡಿಯಿಂದ ಬರುವಾಗ ಒಂದು ಸಣ್ಣ ಕವರ್ ತಂದರು. "ಕ್ಯಾಲ್ಸಿಯಂ, ವಿಟಮಿನ್ ಕೂಡಿದ್ದೈತಿ. ದಿನಾ ಒಂದು ನುಂಗು. ಸೆಕಿ ಇಳಿದು ನಿದ್ದಿ ಬರ್ತೈತಿ," ಎಂದರು. ಒಳಗೆ ಕತ್ತರಿಸಿದ ಪಟ್ಟಿಯ ತುಂಡುಗಳು. ಪ್ರತಿದಿನ ಊಟವಾದ ಮೇಲೆ ಅವರೇ ಗುಳಿಗೆ ಬಿಡಿಸಿ, ಲೋಟದಲ್ಲಿ ನೀರು ತಂದು, ನಾನು ನುಂಗುವವರೆಗೆ ಎದುರಿಗೆ ನಿಲ್ಲುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಕೈಗೆ ನೀರು ತಂದುಕೊಟ್ಟ ಗಂಡಸಲ್ಲ ಅವರು. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವರಿಗೂ ನನ್ನ ಕಷ್ಟ ಗೊತ್ತಾಗಿದೆ ಎಂದುಕೊಂಡೆ.

ಗುಳಿಗೆ ಹತ್ತಿತು. ಕೆಲವೇ ವಾರಗಳಲ್ಲಿ ಉರಿ ಇಳಿಯಿತು. ನಿದ್ದೆ ಬಂತು. ನಿದ್ದೆ ಬಂದ ಮನುಷ್ಯ ಬೇರೆಯೇ ಮನುಷ್ಯ. ಅತ್ತೆಯ ಗೊಣಗಾಟವೂ ನನಗೆ ಹಾಡಿನಂತೆ ಕೇಳತೊಡಗಿತು. ಹಪ್ಪಳ ಲಟ್ಟಿಸಿದೆ, ಓಣಿಯವರ ಜೊತೆ ಕೆಂಚನಗುಡ್ಡಕ್ಕೆ ಹೋಗಿ ಹೊಳೆ ನೋಡಿ ಬಂದೆ, ಬೀಗರಿಗೆ ಫೋನ್ ಮಾಡಿ ಮಾತನಾಡಿದೆ. ಮತ್ತು ಬಳ್ಳಾರಿಯ ಡಾಕ್ಟರ ವಿಷಯ ಎತ್ತುವುದನ್ನು ಬಿಟ್ಟುಬಿಟ್ಟೆ. ಮೈ ಹಗುರಾಗಿದೆ, ಇನ್ನೇನು ತೋರಿಸುವುದು ಎನ್ನಿಸಿತು. ಅಂಜನಾ ಫೋನಿನಲ್ಲಿ ಕೇಳಿದಾಗಲೆಲ್ಲ, ನಿಮ್ಮ ಭಾವ ಒಳ್ಳೆಯ ವಿಟಮಿನ್ ಕೊಟ್ಟಿದ್ದಾರೆ ಎಂದು ಜಂಬದಿಂದ ಹೇಳುತ್ತಿದ್ದೆ.

ದಸರಾ ಹೊತ್ತಿಗೆ ರಕ್ತ ಕಾಣಿಸಿತು.

ಮುಟ್ಟು ನಿಂತು ಒಂದೂವರೆ ವರ್ಷದ ಮೇಲಾಗಿತ್ತು. ಮೊದಲು ಕಲೆ, ಆಮೇಲೆ ಬಟ್ಟೆ ತೋಯುವಷ್ಟು. ಅತ್ತೆಗೆ ನಗು. "ಮತ್ತ ಹರೇ ಬಂತೇನವ್ವಾ ನಿನಗ?" ಎಂದು ಕೇಳಿ, ದೇವರ ಕೋಣೆಯ ಕಡೆ ಹೋಗಬೇಡ ಎಂದರು. ಕೊರಳಲ್ಲಿ ಲಿಂಗ ಇರುವವರಿಗೆ ಮೈಲಿಗೆಯಿಲ್ಲ ಎಂದು ಸ್ವಾಮಿಗಳ ಪ್ರವಚನದಲ್ಲಿ ತಲೆದೂಗುವವರೂ ಅವರೇ. ನಾನು ಗಂಡನಿಗೆ ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು.

"ಒಂದಿಷ್ಟು ದಿನ ಆ ಗುಳಿಗಿ ನಿಲ್ಲಿಸು," ಎಂದರು.

"ಕ್ಯಾಲ್ಸಿಯಂ ಯಾಕ ನಿಲ್ಲಿಸ್ಬೇಕು?"

"ಹೇಳಿದಷ್ಟು ಕೇಳು."

ಸುಣ್ಣದ ಗುಳಿಗೆಯನ್ನು ರಕ್ತ ಬಂದಾಗ ಯಾಕೆ ನಿಲ್ಲಿಸಬೇಕು? ಅಷ್ಟು ತಿಳಿಯಲು ನಾನು ಡಿ.ಫಾರ್ಮಾ ಓದಬೇಕಾಗಿಲ್ಲ. ಅಂದೇ ಮಧ್ಯಾಹ್ನ ಅಂಜನಾಳಿಗೆ ಫೋನ್ ಮಾಡಿದೆ. ಮರುದಿನ ಅವಳು ಶಾಲೆಗೆ ರಜೆ ಹಾಕಿ ಕುರುಗೋಡಿನಿಂದ ಬಳ್ಳಾರಿಗೆ ಬಂದಳು, ನಾನು ಸಿರುಗುಪ್ಪದಿಂದ ಬಸ್ ಹತ್ತಿದೆ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲಿಗೆ ಎಂದು ಕೇಳಿದಾಗ, ಮರ್ಯಾದೆ ಕಳೆಯಲು ಎಂದು ಹೇಳಿ ಚಪ್ಪಲಿ ಮೆಟ್ಟಿದೆ.

ಲೇಡಿ ಡಾಕ್ಟರು ನನ್ನದೇ ವಯಸ್ಸಿನವರು. ಅವರ ಮೇಜಿನ ಮೇಲೂ ಒಂದು ಸಣ್ಣ ಫ್ಯಾನ್ ತಿರುಗುತ್ತಿತ್ತು. ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂದು ಮೊದಲೇ ಕೇಳಿದರು. ಅವ್ವ, ದೊಡ್ಡವ್ವ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಯಾವ ಮಾತ್ರೆ ತಗೊಳ್ತಿದ್ರಿ?"

ಕವರ್ ಕೊಟ್ಟೆ. ಅವರು ಪಟ್ಟಿಯ ತುಂಡನ್ನು ತಿರುಗಿಸಿ ನೋಡಿದರು. ಹೆಸರಿಲ್ಲ, ತಾರೀಖಿಲ್ಲ. ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರದ ತಲೆ ಮಾತ್ರ ಉಳಿದಿತ್ತು.

"ಕ್ಯಾಲ್ಸಿಯಂ ಅಂದಾರ್ರಿ, ನಮ್ಮನಿಯವ್ರು."

"ಕ್ಯಾಲ್ಸಿಯಂ ಗುಳಿಗಿ ಇಷ್ಟು ಸಣ್ಣದು ಇರಲ್ಲಮ್ಮಾ. ಕ್ಯಾಲ್ಸಿಯಂನಿಂದ ನಿಂತ ಮುಟ್ಟು ಮತ್ತೆ ಬರೋದೂ ಇಲ್ಲ."

ಸ್ಕ್ಯಾನ್ ಮಾಡಿದರು. ಗರ್ಭಕೋಶದ ಒಳಪದರ ದಪ್ಪವಾಗಿತ್ತು. ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎದೆಯನ್ನು ಕೈಯಿಂದ ಮುಟ್ಟಿ ನೋಡಿ, ಮ್ಯಾಮೊಗ್ರಾಮ್‌ಗೆ ಬರೆದುಕೊಟ್ಟರು. ಎದೆಯ ಆ ಫೋಟೋವನ್ನೂ ಅಂದೇ ತೆಗೆಸಿದೆವು. ಎಲ್ಲ ಮುಗಿದ ಮೇಲೆ ಅವರು ನನ್ನನ್ನೂ ಅಂಜನಾಳನ್ನೂ ಕೂರಿಸಿಕೊಂಡು ಹೇಳಿದರು. ಈ ಗುಳಿಗೆ ಈಸ್ಟ್ರೋಜೆನ್ ಹಾರ್ಮೋನ್ ಇರಬೇಕೆಂದು ಅವರಿಗೆ ಅನುಮಾನ. ಸೆಕೆಗೆ ಅದು ಒಳ್ಳೆಯ ಔಷಧವೇ. ಆದರೆ ಗರ್ಭಕೋಶ ಇರುವ ಹೆಂಗಸಿಗೆ ಅದೊಂದನ್ನೇ ಕೊಡಬಾರದು, ಜೊತೆಗೆ ಒಳಪದರ ಬೆಳೆಯದಂತೆ ತಡೆಯುವ ಇನ್ನೊಂದು ಹಾರ್ಮೋನ್ ಬೇಕು. ಅವ್ವನಿಗೆ, ದೊಡ್ಡವ್ವನಿಗೆ ಎದೆಯ ಕ್ಯಾನ್ಸರ್ ಆಗಿದ್ದವಳಿಗೆ ಕೇಳದೆ, ನೋಡದೆ, ಎದೆ ಪರೀಕ್ಷೆ ಮಾಡದೆ ಕೊಡಲೇಬಾರದು.

"ಮನೆತನದಾಗ ಇದ್ದ ಮಾತ್ರಕ್ಕೆ ನಿಮಗೂ ಬಂದೇ ಬರ್ತೈತಿ ಅಂತಲ್ಲ. ಆದ್ರೆ ಮೊದ್ಲು ನೋಡ್ಬೇಕಿತ್ತು. ಹಾರ್ಮೋನ್ ಇಲ್ಲದ ಮಾತ್ರೆಗಳೂ ಅದಾವು ಇದಕ್ಕೆ. ಮುಂದಿನ ವಾರ ರಿಪೋರ್ಟ್‌ಗೆ ಬರುವಾಗ ಇದರ ಹೆಸರು, ಎಷ್ಟು ಶಕ್ತಿದು ಅನ್ನೋದು ತಿಳ್ಕೊಂಡು ಬರ್ರಿ. ನನಗೆ ಅದು ಬೇಕೇ ಬೇಕು."

ಮೊದಲು ನೋಡಬೇಕಿತ್ತು. ಅದನ್ನೇ ಅಲ್ಲವೇ ನಾನು ವರ್ಷವಿಡೀ ಕೂಗಿ ಕೇಳಿದ್ದು? ನೋಡಿಸಿ ಎಂದು ಕೂಗಿದೆ, ಕೂಗು ನಿಲ್ಲಿಸುವ ಗುಳಿಗೆ ಕೊಟ್ಟರು. ಕೂಗು ನಿಂತದ್ದಕ್ಕೆ ನೋಡಿಸುವುದೂ ನಿಂತಿತು. ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತವಳಿಗೆ ಇದು ತಲೆಯಲ್ಲಿ ಕೂಡಿಕೊಂಡಿತು. ಅವ್ವನ ಗಾಯಕ್ಕೆ ಹತ್ತಿ ಒಯ್ದ ಮನುಷ್ಯನಿಗೆ ಗೊತ್ತಿರಲಿಲ್ಲ ಎಂದು ನಾನು ಯಾವ ಬಾಯಿಂದ ಹೇಳಲಿ?

ಸಿರುಗುಪ್ಪದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಅಂಗಡಿಗೆ ಹೋದೆ. ಸಂತೆಯ ದಿನ, ಕೌಂಟರಿನ ಮುಂದೆ ನಾಲ್ಕಾರು ಜನ ಇದ್ದರು. ನಾನು ಹಲಗೆ ಎತ್ತಿ ಒಳಗೆ ಹೋಗಿ ಅವರ ಎದುರಿಗೆ ನಿಂತೆ.

"ನನಗ ಕೊಟ್ಟ ಗುಳಿಗಿ ಹೆಸರು ಹೇಳ್ರಿ."

"ಮನ್ಯಾಗ ಮಾತಾಡೋಣ, ನಡಿ."

"ಮನ್ಯಾಗ ಹೆಸರಿಲ್ಲ. ಹೆಸರು ಇಲ್ಲೈತಿ. ಹೇಳ್ರಿ."

"ಜನ ಅದಾರ," ಎಂದು ಹಲ್ಲು ಕಚ್ಚಿಕೊಂಡು ಹೇಳಿ, ಯಾರದೋ ಕೆಮ್ಮಿನ ಔಷಧಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಹೊರಗಿನಿಂದ ಒಬ್ಬ ಬಂದ. ತೆಕ್ಕಲಕೋಟೆಯ ಮೈಲಾರಪ್ಪ ಎಂದು ಆಮೇಲೆ ತಿಳಿಯಿತು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸಂತೆಯ ಚೀಲ. ಔಷಧದ ರಾಕಿನ ಮರೆಯಲ್ಲಿದ್ದ ನಾನು ಅವನಿಗೆ ಕಾಣಲಿಲ್ಲ.

"ಡಾಕ್ಟ್ರ, ಆ ಸಿಟ್ಟಿನ ಗುಳಿಗಿ ಇನ್ನೊಂದಿಷ್ಟು ಕೊಡ್ರಿ. ತೀರ್ಯಾವು. ಮನ್ಯಾಗ ಮತ್ತ ಶುರು ಆಗೈತಿ."

ನನ್ನ ಗಂಡ ಕಣ್ಣು ಮಿಟುಕಿಸಿ, ಕೈ ಅಲ್ಲಾಡಿಸಿ ಅವನನ್ನು ಸುಮ್ಮನಾಗಿಸಲು ನೋಡಿದರು. ಅವನಿಗೆ ತಿಳಿಯಲಿಲ್ಲ. ನಗುತ್ತ ಮುಂದುವರಿಸಿದ.

"ನೀವು ಹೇಳಿದ್ದು ಖರೇ ಆತ್ರಿ. ನಮ್ಮ ಮನ್ಯಾಗೂ ಇದನ್ನ ಕೊಟ್ಟೀನಿ, ಈಗ ಆಕಳ ಆಗ್ಯಾಳ ಅಂದಿದ್ರಲ್ಲ. ನಮ್ಮಕಿನೂ ಹಂಗ ಆಗಿದ್ಲು, ಗುಳಿಗಿ ಇರೋ ತನಕ."

ನಾನು ರಾಕಿನ ಮರೆಯಿಂದ ಈಚೆಗೆ ಬಂದೆ. ಮೈಲಾರಪ್ಪ ನನ್ನನ್ನು ನೋಡಿ ಟವೆಲ್ಲು ಸರಿಮಾಡಿಕೊಂಡ. ನಾನೇ ಆ ಆಕಳು ಎಂದು ಅವನಿಗೆ ಹೊಳೆದಿರಬೇಕು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಈ ಸೀಮೆಯ ಗಂಡಸರು ಬಂದು, ತಮ್ಮ ಹೆಂಡಿರ ಬಾಯಿ ಮುಚ್ಚಿಸಲು, ನನ್ನ ಗಂಡನ ಕೈಯಿಂದ ಹಾರ್ಮೋನ್ ಒಯ್ಯುತ್ತಿದ್ದರು. ನನ್ನ ನಿದ್ದೆ, ನನ್ನ ನಗು, ನಾನು ಲಟ್ಟಿಸಿದ ಹಪ್ಪಳ ಎಲ್ಲ ಅವರಿಗೆ ಜಾಹೀರಾತು. ಇವರು ನೀರಿನ ಲೋಟ ಹಿಡಿದು ಎದುರಿಗೆ ನಿಂತಿದ್ದನ್ನು ನಾನು ಪ್ರೀತಿ ಎಂದು ತಿಳಿದು ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ನನಗೆ ನಾಚಿಕೆಯೂ ಆಯಿತು, ಅದರಿಂದ ಸಿಟ್ಟು ಇನ್ನೂ ಏರಿತು.

"ನಿಮ್ಮ ಮನಿಯವ್ರ ತಾಯಿ ಅದಾರೇನ್ರಿ?" ಎಂದು ಮೈಲಾರಪ್ಪನನ್ನು ಕೇಳಿದೆ.

"ಇಲ್ರಿ, ತೀರಿಕೊಂಡಾರ."

"ಏನಾಗಿತ್ತು?"

"ಅದೇನೋ ಹೆಣ್ಮಕ್ಕಳ ಜಡ್ಡು. ನಮಗೇನು ಗೊತ್ತಾಗ್ತೈತಿ?"

"ಈ ಗುಳಿಗಿ ನುಂಗೋದು ನಿಮ್ಮ ಮನಿಯವ್ರಿಗೆ ಗೊತ್ತೈತೇನು?"

ಅವನು ನನ್ನ ಗಂಡನ ಮುಖ ನೋಡಿದ. "ಶಕ್ತಿ ಗುಳಿಗಿ ಅಂತ ಹೇಳೀನ್ರಿ," ಎಂದ.

"ಫೋನ್ ಹಚ್ರಿ ಆಕಿಗೆ."

"ಅರುಣಾ, ಹದ್ದು ಮೀರಬ್ಯಾಡ," ಎಂದರು ನನ್ನ ಗಂಡ. "ನಿನ್ನ ಸಲುವಾಗೇ ಕೊಟ್ಟಿದ್ದು. ಆರಾಮ ಆತೋ ಇಲ್ಲೋ ನಿನಗ? ನಿದ್ದಿ ಬಂತೋ ಇಲ್ಲೋ?"

"ಬಂತು. ನನ್ನ ಎದಿ ಯಾರು ನೋಡಿದ್ರು?"

ಅವರು ಕೆಮ್ಮಿನ ಔಷಧದ ಬಾಟಲಿ ಕೆಳಗಿಟ್ಟರು. "ನಮ್ಮವ್ವನ ಎದಿ ನೀವು ನೋಡೀರಿ," ಎಂದೆ. "ಎಲ್ಲಾ ಗೊತ್ತಿತ್ತು ನಿಮಗ. ಗೊತ್ತಿದ್ದೂ ಕೊಟ್ರಿ. ಈಗ ಹೆಸರು ಹೇಳ್ತೀರೋ, ಈ ಡಬ್ಬಿಗೋಳನ್ನೆಲ್ಲ ರಸ್ತಿಗೆ ಸುರುವಿ ನಾನ ಹುಡುಕ್ಲೋ?"

ನಾನು ಸುರಿಯುವವಳೇ ಎಂದು ಅವರಿಗೆ ಗೊತ್ತಿತ್ತು. ಹಿಂದಿನ ರಾಕಿನ ಮೇಲಿನಿಂದ ಒಂದು ಡಬ್ಬಿ ತೆಗೆದು ಕೌಂಟರಿನ ಮೇಲೆ ಕುಕ್ಕಿದರು. ಅದರ ಮೇಲೆ ಈಸ್ಟ್ರೋಜೆನ್ ಎಂದೇ ಇತ್ತು, ಡಾಕ್ಟರ ಅನುಮಾನ ನಿಜವಾಗಿತ್ತು. ಫೋನಿನಲ್ಲಿ ಡಬ್ಬಿಯ ಫೋಟೋ ತೆಗೆದು ಅಂಜನಾಳಿಗೆ ಕಳಿಸಿದೆ. ಮೈಲಾರಪ್ಪ ಜನರ ಕಣ್ಣು ತಾಳದೆ ಅಷ್ಟರಲ್ಲಿ ತಾನೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಿದ್ದ. ಅತ್ತ ಕಡೆ ಗಾದೆಮ್ಮ ಎಂಬ ಹೆಂಗಸು. ನಾನು ಯಾರು, ಅವಳು ನುಂಗಿದ್ದೇನು, ಇನ್ನು ಯಾಕೆ ನುಂಗಬಾರದು ಎಂದು ಹೇಳಿದೆ.

"ಅಕ್ಕಾ, ನಮ್ಮವ್ವಗೂ ಎದಿ ಗಡ್ಡಿ ಆಗಿತ್ತು," ಎಂದಳು. "ನಾ ಯಾರನ್ನ ಕೇಳ್ಬೇಕು ಈಗ?"

ಮುಂದಿನ ವಾರ ಬಳ್ಳಾರಿಗೆ ಹೋಗುವಾಗ ತೆಕ್ಕಲಕೋಟೆಯ ಬಸ್‌ಸ್ಟಾಂಡಿನಲ್ಲಿ, ನಾನು ಫೋನಿನಲ್ಲಿ ಹೇಳಿದ್ದಂತೆ, ಗಾದೆಮ್ಮ ಹತ್ತಿದಳು. ಹೊಲದ ಕೆಲಸದಲ್ಲಿ ಕಪ್ಪಾದ ಮುಖ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ಗುಳಿಗೆ ನಿಂತದ್ದರಿಂದ ನಮ್ಮಿಬ್ಬರಿಗೂ ಉರಿ ಮತ್ತೆ ಹೊಳ್ಳಿ ಬಂದಿತ್ತು. ಕಿಟಕಿಯ ಹತ್ತಿರ ಒಬ್ಬರಿಗೇ ಜಾಗ. ಒಬ್ಬರಾದ ಮೇಲೆ ಒಬ್ಬರು ಕೂತೆವು.

"ನಂಗ ಸಿಟ್ಟು ಸುಮ್ಮಸುಮ್ಮನ ಬರ್ತಿದ್ದಿಲ್ಲಕ್ಕಾ," ಎಂದಳು. "ರಾತ್ರಿ ನಿದ್ದಿ ಇಲ್ಲ, ಹೊತ್ತು ಮೂಡಿದ್ರ ನಾಟಿ ಕೆಲಸ. ಕೂಲಿಯವ್ರಿಗೆ, ಮನಿಯವ್ರಿಗೆ ಎಲ್ಲಾರಿಗೂ ನಾನ ರೊಟ್ಟಿ ಬಡೀಬೇಕು. ಒಂದಿನ ನೀನಾ ಬಡಕೋ ಅಂದೆ. ಮರುದಿನದಿಂದ ಶಕ್ತಿ ಗುಳಿಗಿ ಶುರು."

ನಾವು ನಕ್ಕೆವು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕೆವು. ಆಮೇಲೆ ಅವಳು ದನಿ ತಗ್ಗಿಸಿ, ಎಡಗಡೆ ಕಂಕುಳಿನ ಹತ್ತಿರ ಒಂದು ಗಂಟು ಕೈಗೆ ಸಿಗುತ್ತದೆ, ಯಾರಿಗೂ ಹೇಳಿಲ್ಲ ಎಂದಳು. ಆಮೇಲೆ ಬಳ್ಳಾರಿ ಬರುವವರೆಗೆ ನಾವು ನಗಲಿಲ್ಲ.

ನನ್ನ ರಿಪೋರ್ಟ್ ಬಂದಿತ್ತು. ಗರ್ಭಕೋಶದ ಚೂರಿನಲ್ಲಿ ಕ್ಯಾನ್ಸರ್ ಇಲ್ಲ. ಮ್ಯಾಮೊಗ್ರಾಮ್ ಈ ಸಲಕ್ಕೆ ಸ್ವಚ್ಛ. ವರ್ಷಾ ವರ್ಷಾ ಬರಬೇಕು, ನಾನೂ ಅಂಜನಾಳೂ ಈ ಕ್ಯಾನ್ಸರ್ ಮನೆತನದಲ್ಲೇ ಇಳಿದು ಬರುವುದೋ ಎಂದು ನೋಡುವ ರಕ್ತದ ಪರೀಕ್ಷೆಯ ಬಗ್ಗೆ ಯೋಚಿಸಬೇಕು ಎಂದರು. ಸೆಕೆಗೆ ಹಾರ್ಮೋನ್ ಇಲ್ಲದ ಬೇರೆ ಮಾತ್ರೆ ಬರೆದರು, ಅದರ ಹೆಸರನ್ನು ನನ್ನಿಂದ ಎರಡು ಸಲ ಓದಿಸಿದರು. ಚಹಾ, ಖಾರ ಕಡಿಮೆ ಮಾಡಿ, ಹತ್ತಿ ಬಟ್ಟೆ ಹಾಕಿ, ನಡೆದಾಡಿ, ಮಲಗುವ ಕೋಣೆಯಲ್ಲಿ ಯಾರು ಗೊಣಗಿದರೂ ಫ್ಯಾನ್ ಹಾಕಿಕೊಳ್ಳಿ ಎಂದರು.

ಆಮೇಲೆ ಗಾದೆಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಪರದೆ ಎಳೆದರು. ಸಂಜೆಯೊಳಗೆ ಅವಳ ಎದೆಯ ಫೋಟೋ, ಸ್ಕ್ಯಾನ್ ಎರಡೂ ಆದವು, ಸೂಜಿ ಹಾಕಿ ಗಂಟಿನಿಂದ ಚೂರು ತೆಗೆದರು. ಪರೀಕ್ಷೆಯ ಫಲ ಬರಬೇಕು, ಆದರೆ ನೋಡಿದರೆ ಅದೇ ಅನ್ನಿಸುತ್ತದೆ, ತಡ ಮಾಡುವಂತಿಲ್ಲ ಎಂದರು ಡಾಕ್ಟರು.

"ಗುಳಿಗಿಯಿಂದನೇ ಬಂತು ಅಂತ ನಾ ಹೇಳಲ್ಲ," ಎಂದರು. "ಮೊದ್ಲೇ ಇದ್ದಿರಬಹುದು. ಆದ್ರೆ ಕೊಡೋ ಮುಂಚೆ ಯಾರಾದ್ರೂ ಒಮ್ಮೆ ಕೈಯಿಟ್ಟು ನೋಡಿದ್ರೆ ಆವತ್ತೇ ಸಿಗ್ತಿತ್ತು. ಆಮೇಲೆ ಇಷ್ಟು ತಿಂಗಳು ಅದಕ್ಕೆ ಹಾರ್ಮೋನ್ ಬೇರೆ. ಇದು ದೂರು ಕೊಡೋ ವಿಷಯ. ಔಷಧ ನಿಯಂತ್ರಣದವರಿಗೆ ನಾನು ಬರೀತೀನಿ. ಯಾರು ಕೊಟ್ಟಿದ್ದು ಇದನ್ನ?"

ಗಾದೆಮ್ಮ ನನ್ನ ಮುಖ ನೋಡಿದಳು. ನೋಡಿ ತಲೆ ತಗ್ಗಿಸಿದಳು. "ಗೊತ್ತಿಲ್ರಿ. ನಮ್ಮನಿಯವ್ರು ಎಲ್ಲಿಂದನೋ ತಂದಿದ್ರು," ಎಂದಳು. ಎದೆಯಲ್ಲಿ ಗಡ್ಡೆ ಇಟ್ಟುಕೊಂಡು, ಬಸ್ಸಿನಲ್ಲಿ ಪರಿಚಯವಾದ ಹೆಂಗಸಿನ ಸಂಸಾರವನ್ನು ಕಾಯಲು ಹೊರಟಿದ್ದಳು. ಅವಳ ಮೇಲೂ ನನಗೆ ಸಿಟ್ಟು ಬಂತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನನ್ನ ಗಂಡ ಅಂಗಡಿ ಬೇಗ ಮುಚ್ಚಿ ಬಂದು ಪಡಸಾಲೆಯಲ್ಲಿ ಕೂತಿದ್ದರು. ಅತ್ತೆ ಅವರ ಪಕ್ಕದಲ್ಲಿ. ನಾನು ಫ್ಯಾನ್ ಹಾಕಿ, ಅದರ ಕೆಳಗೆ ನಿಂತೆ.

"ಏನಂದ್ರು?"

"ನನಗ ಈ ಸಲ ಏನೂ ಇಲ್ಲಂತ."

ಅವರು ದೊಡ್ಡದಾಗಿ ಉಸಿರು ಬಿಟ್ಟರು. ಕಣ್ಣಲ್ಲಿ ನೀರು ಬಂದದ್ದು ನಿಜ, ಅದನ್ನು ಇಲ್ಲವೆನ್ನುವುದಿಲ್ಲ. "ನೋಡಿದೇನು? ದೇವರು ದೊಡ್ಡವ. ಇನ್ನಾದ್ರೂ ಸಿಟ್ಟು ಬಿಡು," ಎಂದರು. ಅತ್ತೆ ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿದರು.

"ಗಾದೆಮ್ಮನ ಎದ್ಯಾಗ ಗಡ್ಡಿ ಸಿಕ್ಕೈತಿ," ಎಂದೆ.

ಅತ್ತೆಯ ಮುಗಿದ ಕೈ ಹಾಗೇ ನಿಂತಿತು. ನನ್ನ ಗಂಡ ಪಂಚೆಯ ಅಂಚನ್ನು ಎರಡು ಸಲ ಮಡಚಿ ಬಿಚ್ಚಿದರು. ಅಯ್ಯೋ ಎನ್ನುತ್ತಾರೆ ಎಂದು ಕಾದೆ. ಅವಳಿಗೆ ಮಕ್ಕಳೆಷ್ಟು, ಈಗ ಎಲ್ಲಿದ್ದಾಳೆ, ಮುಂದೇನು ಎಂದು ಕೇಳುತ್ತಾರೆ ಎಂದು ಕಾದೆ. ಇಷ್ಟು ವರ್ಷ ಬಾಳಿದ ಋಣಕ್ಕಾದರೂ ಅಷ್ಟು ಕಾಯಬೇಕೆನಿಸಿತು.

"ಡಾಕ್ಟರ ಮುಂದ ಆಕಿ ನನ್ನ ಹೆಸರು ಹೇಳಿದ್ಲೇನು?" ಎಂದು ಕೇಳಿದರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಎಲ್ಲರೂ ಸೇರಿ ಪೀಡಿಸಿದಾಗ ಒಡಪಿನ ಪದ್ಯದಲ್ಲಿ ಸೇರಿಸಿ ಒಂದು ಸಲ ಹೇಳಿದ್ದೆ. ಆಮೇಲೆ ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದವರಿಂದ ಹೇಳಿಸಿದ್ದೇನೆ.

"ಆಕಿ ಹೇಳ್ಲಿಲ್ಲ," ಎಂದೆ. "ನಾ ಹೇಳಿದೆ. ಚಿದಾನಂದಪ್ಪ, ಸಿರುಗುಪ್ಪದ ಬಜಾರದಾಗ ಔಷಧದ ಅಂಗಡಿ ಐತಿ, ನನ್ನ ಗಂಡ ಅದಾನ ಅಂತ ಬಿಡಿಸಿ ಹೇಳಿದೆ. ಅವರು ಬರಕೊಂಡ್ರು."